ಅಪ್ಪನ ಕಣ್ಣಿನ ಹಳೇ ಕಲೆ: ಆರ್‌ಬಿ1 ಜೀನ್ ಕೈಕೊಟ್ಟ ಒಂದು ಕುಟುಂಬದ ಪ್ರಕರಣ ಅಧ್ಯಯನ

ಆರ್‌ಬಿ1 ಎಂಬ ಜೀನ್ ಕೆಟ್ಟು ಎಳೆ ಮಕ್ಕಳ ಕಣ್ಣಿಗೆ ಬರುವ ಕ್ಯಾನ್ಸರ್ ರೆಟಿನೊಬ್ಲಾಸ್ಟೋಮಾ ಬಗ್ಗೆ, ಕಲಿಕೆಗೆಂದು ಜೋಡಿಸಿದ ಪ್ರಕರಣ ಇದು. ಊರು, ವಯಸ್ಸು, ಕಸುಬು, ಮನೆತನ ಸೇರಿದಂತೆ ಗುರುತು ಸಿಗಬಹುದಾದ ಎಲ್ಲವನ್ನೂ ಬದಲಿಸಲಾಗಿದೆ. ಮಕ್ಕಳನ್ನು ಅಕ್ಕ, ತಮ್ಮ ಎಂದಷ್ಟೇ ಕರೆದಿದ್ದೇವೆ.

ಹಿನ್ನೆಲೆ

ಕಲ್ಯಾಣ ಕರ್ನಾಟಕದ ಒಂದು ಹಳ್ಳಿ. ತೊಗರಿ ಮತ್ತು ಹತ್ತಿಯ ಒಣಬೇಸಾಯ. ತಂದೆಗೆ 29 ವರ್ಷ, ತಾಯಿಗೆ 24. ತಾಯಿ ಬೇರೆ ಯಾರೂ ಅಲ್ಲ, ತಂದೆಯ ಸೋದರಮಾವನ ಮಗಳು. ಮೊದಲ ಮಗು ಹೆಣ್ಣು. ದಿನ ತುಂಬಿ ಹುಟ್ಟಿದ್ದು, ಲಸಿಕೆಗಳೆಲ್ಲ ಆಗಿದ್ದವು, ನಡಿಗೆ-ಮಾತು ಹೊತ್ತಿಗೆ ಸರಿಯಾಗಿ ಬಂದಿದ್ದವು.

ಮಗುವಿಗೆ 15 ತಿಂಗಳಾಗಿದ್ದಾಗ ಜಾತ್ರೆಯಲ್ಲಿ ಫ್ಲ್ಯಾಶ್ ಹಾಕಿ ಒಂದು ಮೊಬೈಲ್ ಫೋಟೋ ತೆಗೆದಿದ್ದರು. ಅದರಲ್ಲಿ ಎಡಗಣ್ಣಿನ ಪಾಪೆ ಎಲ್ಲರದರಂತೆ ಕೆಂಪಗೆ ಬಂದಿತ್ತು, ಬಲಗಣ್ಣಿನದು ಮಾತ್ರ ಬೆಳ್ಳಗೆ, ರಾತ್ರಿ ಬೆಕ್ಕಿನ ಕಣ್ಣು ಹೊಳೆದ ಹಾಗೆ. ಆಗಲೇ ಆ ಕಣ್ಣು ಸ್ವಲ್ಪ ಮೂಗಿನ ಕಡೆ ವಾಲುತ್ತಿತ್ತು. ಹತ್ತಿರದ ಪಟ್ಟಣದಲ್ಲಿ ತೋರಿಸಿದರು. 'ಮೆಳ್ಳೆಗಣ್ಣು, ಮೂರು ವರ್ಷ ತುಂಬಿದ ಮೇಲೆ ಕನ್ನಡಕ ನೋಡೋಣ' ಎಂಬ ಉತ್ತರ ಸಿಕ್ಕಿತು. ಮೆಳ್ಳೆಗಣ್ಣು ಅದೃಷ್ಟದ ಗುರುತೆಂದು ಮನೆಯ ಹಿರಿಯರೂ ಸಮಾಧಾನಪಟ್ಟರು. ಪಾಪೆಗೆ ಹನಿ ಹಾಕಿ ಹಿಗ್ಗಿಸಿ ಒಳಗೆ ನೋಡುವ ಕೆಲಸ ಅಂದು ಯಾರೂ ಮಾಡಲಿಲ್ಲ. ಚಿಕ್ಕ ಮಕ್ಕಳಲ್ಲಿ ಮೆಳ್ಳೆಗಣ್ಣು ಹೊಸದಾಗಿ ಕಂಡರೆ ಅದನ್ನು ರೆಟಿನಾ (ಕಣ್ಣಿನ ಹಿಂಬದಿಯ, ಬೆಳಕು ಗ್ರಹಿಸುವ ಪೊರೆ) ನೋಡದೆ ಬಿಡಬಾರದು. ರೆಟಿನಾದ ನಡುಭಾಗದಲ್ಲಿ ಗಡ್ಡೆ ಕೂತು ದೃಷ್ಟಿ ಹೋದಾಗಲೂ ಕಣ್ಣು ಹೀಗೇ ವಾಲುತ್ತದೆ.

ಐದು ತಿಂಗಳು ಹಾಗೆಯೇ ಕಳೆದವು. 20ನೇ ತಿಂಗಳಲ್ಲಿ ಕಣ್ಣು ಕೆಂಪಾಯಿತು, ಮಗು ರಾತ್ರಿಯಿಡೀ ಅಳತೊಡಗಿತು. ಜಿಲ್ಲಾ ಕೇಂದ್ರದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿದಾಗ ಕಣ್ಣಿನೊಳಗೆ ಸುಣ್ಣದ ಚುಕ್ಕೆಗಳಿರುವ ಗಡ್ಡೆ ಕಂಡಿತು. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆಗ ತಾಯಿ ಎರಡನೇ ಬಸುರಿ, 21 ವಾರ.

ಮೊದಲ ವಾರದ ತೀರ್ಮಾನಗಳು

ಅರಿವಳಿಕೆ ಕೊಟ್ಟು ಎರಡೂ ಕಣ್ಣುಗಳನ್ನು ಅಂಚಿನವರೆಗೆ ಪರೀಕ್ಷಿಸಲಾಯಿತು. ಬಲಗಣ್ಣಿನ ಮುಕ್ಕಾಲು ಭಾಗ ಗಡ್ಡೆ ತುಂಬಿಕೊಂಡಿತ್ತು, ಕಣ್ಣಿನ ಒತ್ತಡ ಏರಿತ್ತು, ಪಾಪೆಯ ಸುತ್ತ ಹೊಸ ರಕ್ತನಾಳಗಳಿದ್ದವು. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಇದು 'ಇ' ಗುಂಪು, ಅಂದರೆ ಉಳಿಸಿಕೊಂಡರೂ ದೃಷ್ಟಿ ಬಾರದ, ಉಳಿಸಿಕೊಂಡಷ್ಟೂ ಜೀವಕ್ಕೆ ಅಪಾಯವಾದ ಕಣ್ಣು. ಎಡಗಣ್ಣು ಸ್ವಚ್ಛವಾಗಿತ್ತು. ಕಾಯಿಲೆ ರೆಟಿನೊಬ್ಲಾಸ್ಟೋಮಾ, ಎಳೆ ಮಕ್ಕಳ ರೆಟಿನಾದ ಕ್ಯಾನ್ಸರ್. ಸುಮಾರು 15,000ದಿಂದ 20,000 ಹೆರಿಗೆಗೆ ಒಂದು ಮಗುವಿನಲ್ಲಿ ಇದು ಬರುತ್ತದೆ.

ಈ ಕಾಯಿಲೆಯಲ್ಲಿ ಕಣ್ಣಿಗೆ ಸೂಜಿ ಚುಚ್ಚಿ ತುಣುಕು ತೆಗೆದು ಖಚಿತಪಡಿಸಿಕೊಳ್ಳುವ ಕ್ರಮವಿಲ್ಲ. ಸೂಜಿಯ ಜಾಡಿನಲ್ಲೇ ಕ್ಯಾನ್ಸರ್ ಕೋಶಗಳು ಹೊರಬರುತ್ತವೆ. ಕಣ್ಣಿಂದ ನೋಡಿದ್ದು, ಅಲ್ಟ್ರಾಸೌಂಡ್, ಎಂ.ಆರ್.ಐ. ಇಷ್ಟರಿಂದಲೇ ನಿರ್ಧಾರ. ಎಂ.ಆರ್.ಐ.ನಲ್ಲಿ ದೃಷ್ಟಿನರ ದಪ್ಪಗಾಗಿರಲಿಲ್ಲ, ಮೆದುಳಿನ ಪೀನಿಯಲ್ ಗ್ರಂಥಿ ಸರಿಯಿತ್ತು. ಕಣ್ಣು ತೆಗೆಯುವುದೆಂದು ತೀರ್ಮಾನವಾಯಿತು. ತಾಯಿಯನ್ನು ಒಪ್ಪಿಸಲು ಎರಡು ದಿನ ಹಿಡಿಯಿತು.

ಆ ಎರಡು ದಿನಗಳಲ್ಲಿ ತಂಡದೊಳಗೆ ಇನ್ನೊಂದು ಚರ್ಚೆ ನಡೆದಿತ್ತು. ಜೀನ್ ಪರೀಕ್ಷೆ ಬೇಕೇ? ಒಂದೇ ಕಣ್ಣು, ಮನೆತನದಲ್ಲಿ ಯಾರಿಗೂ ಇಲ್ಲ, ವಯಸ್ಸು ಎರಡರ ಹತ್ತಿರ. ಇಂಥ ಮಕ್ಕಳಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ದೋಷ ಆ ಕಣ್ಣಿನ ಗಡ್ಡೆಯೊಳಗೆ ಮಾತ್ರ ಇರುತ್ತದೆ, ಮೈಯಲ್ಲಿ ಇರುವುದಿಲ್ಲ. ಶಸ್ತ್ರಚಿಕಿತ್ಸೆ ಆಯುಷ್ಮಾನ್ ಕಾರ್ಡಿನಲ್ಲಿ ಆಗುತ್ತಿತ್ತು, ಜೀನ್ ಪರೀಕ್ಷೆಗೆ ಮಾತ್ರ ಕೈಯಿಂದ ದುಡ್ಡು ಹಾಕಬೇಕಿತ್ತು. ಆದರೆ ಉಳಿದ 15 ಮಂದಿಯಲ್ಲಿ ಈ ಮಗುವೂ ಒಂದಾದರೆ ಇನ್ನೊಂದು ಕಣ್ಣು ಅಪಾಯದಲ್ಲಿದೆ, ಹೊಟ್ಟೆಯಲ್ಲಿರುವ ಮಗುವೂ ಅಪಾಯದಲ್ಲಿದೆ. ಪರೀಕ್ಷೆ ಮಾಡಿಸುವುದೆಂದಾಯಿತು, ಖರ್ಚಿಗೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರು ದಾನಿಗಳನ್ನು ಹುಡುಕಿದರು.

ಶಸ್ತ್ರಚಿಕಿತ್ಸೆಯ ದಿನದ ಒಂದು ಸಣ್ಣ ಕೆಲಸ ಮುಂದೆ ಬಹಳ ಉಪಯೋಗಕ್ಕೆ ಬಂತು. ತೆಗೆದ ಕಣ್ಣನ್ನು ಸೀದಾ ಫಾರ್ಮಲಿನ್‌ಗೆ ಹಾಕಲಿಲ್ಲ. ದೃಷ್ಟಿನರದ ತುದಿಯನ್ನು (14 ಮಿ.ಮೀ. ಸಿಕ್ಕಿತ್ತು) ಮೊದಲು ಕತ್ತರಿಸಿ ಬೇರೆ ಬಾಟಲಿಗೆ ಹಾಕಿದರು. ಗಡ್ಡೆಯ ಚೂರು ನರಕ್ಕೆ ಮೆತ್ತಿಕೊಂಡರೆ ಪೆಥಾಲಜಿಯವರು ಕಾಯಿಲೆ ನರಕ್ಕೆ ಇಳಿದಿದೆ ಎಂದು ತಪ್ಪಾಗಿ ಓದುತ್ತಾರೆ. ಆಮೇಲೆ ನರದಿಂದ ದೂರದ ಬದಿಯಲ್ಲಿ ಸಣ್ಣ ಕಿಟಕಿ ಕೊರೆದು 3 ಮಿ.ಮೀ. ಗಾತ್ರದ ಗಡ್ಡೆಯ ತುಣುಕನ್ನು ಒಣ ಕೊಳವೆಗೆ ತೆಗೆದುಕೊಂಡು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿದರು. ಫಾರ್ಮಲಿನ್ ಡಿಎನ್‌ಎಯನ್ನು ಚೂರುಚೂರು ಮಾಡುತ್ತದೆ. ಹಸಿ ತುಣುಕಿನ ಅವಕಾಶ ಒಮ್ಮೆ ತಪ್ಪಿದರೆ ತಪ್ಪಿದ್ದೇ. ಜೊತೆಗೆ ಮಗುವಿನ 3 ಮಿ.ಲೀ. ರಕ್ತ, ನೇರಳೆ ಮುಚ್ಚಳದ ಇಡಿಟಿಎ ಕೊಳವೆಯಲ್ಲಿ.

ಪೆಥಾಲಜಿ ವರದಿ ನೆಮ್ಮದಿ ಕೊಟ್ಟಿತು. ರೆಟಿನಾದ ಹಿಂದಿರುವ ರಕ್ತನಾಳಗಳ ಪದರವಾದ ಕೋರಾಯ್ಡ್‌ಗೆ ಗಡ್ಡೆ ತಾಗಿದ್ದು 3 ಮಿ.ಮೀ.ಗಿಂತ ಕಡಿಮೆ, ನರದ ಜರಡಿಯಂಥ ಪೊರೆಯನ್ನು ಗಡ್ಡೆ ದಾಟಿರಲಿಲ್ಲ, ಕತ್ತರಿಸಿದ ತುದಿ ಸ್ವಚ್ಛ. ಕಿಮೊಥೆರಪಿ ಬೇಕಾಗಲಿಲ್ಲ. ಆರು ವಾರಕ್ಕೆ ಕೃತಕ ಕಣ್ಣು ಕೂರಿಸಿದರು.

ಹತ್ತು ನಿಮಿಷದ ಪರೀಕ್ಷೆ

ಜೀನ್ ವರದಿ ಬರಲು ನಾಲ್ಕು ವಾರ ಬೇಕಿತ್ತು. ಅಷ್ಟರೊಳಗೆ ತಂದೆ-ತಾಯಿ ಇಬ್ಬರ ಪಾಪೆಗೂ ಹನಿ ಹಾಕಿ ರೆಟಿನಾ ನೋಡಲಾಯಿತು. ಇದಕ್ಕೆ ಖರ್ಚಿಲ್ಲ, ಹತ್ತು ನಿಮಿಷದ ಕೆಲಸ, ಆದರೂ ಹೆಚ್ಚಿನ ಕಡೆ ಬಿಟ್ಟುಹೋಗುತ್ತದೆ. ತಾಯಿಯ ಕಣ್ಣುಗಳು ಸರಿಯಿದ್ದವು. ತಂದೆಯ ಎಡಗಣ್ಣಿನ ಅಂಚಿನ ಕಡೆ ಬೂದುಬಣ್ಣದ ಅರೆಪಾರದರ್ಶಕ ಉಬ್ಬು, ಅದರೊಳಗೆ ಗಿಣ್ಣಿನ ಚೂರಿನಂಥ ಬಿಳಿ ಸುಣ್ಣದ ಕಣಗಳು, ಸುತ್ತ ಬಣ್ಣ ಕೆಟ್ಟ ರೆಟಿನಾ. ಆ ಕಣ್ಣಿನ ದೃಷ್ಟಿ 6/24. ಚಿಕ್ಕಂದಿನಲ್ಲಿ ತೊಗರಿಕಡ್ಡಿ ಚುಚ್ಚಿದ್ದರಿಂದ ಹೀಗಾಗಿದೆ ಎಂದೇ ಅವರು ಇಷ್ಟು ವರ್ಷ ನಂಬಿಕೊಂಡಿದ್ದರು.

ಅದು ರೆಟಿನೋಮಾ. ರೆಟಿನೊಬ್ಲಾಸ್ಟೋಮಾ ಆಗುವ ದಾರಿಯಲ್ಲಿ ಅರ್ಧಕ್ಕೇ ನಿಂತುಹೋದ ಗಡ್ಡೆ. ತಂದೆಯ ಮೈಯಲ್ಲೂ ಆರ್‌ಬಿ1 ಜೀನ್ ಕೆಟ್ಟಿದೆ ಎಂಬುದಕ್ಕೆ ಕಣ್ಣೇ ಕೊಟ್ಟ ಸಾಕ್ಷಿ.

ಮನೆಯಲ್ಲಿ ಮಾತ್ರ ಬೇರೆಯೇ ವಿಚಾರಣೆ ನಡೆದಿತ್ತು. ಅತ್ತೆಗೆ ಸೊಸೆಯ ತವರನ್ನು ದೂರುವಂತಿರಲಿಲ್ಲ, ಅದು ಅವರದೇ ತವರು. ಹಾಗಾಗಿ ದೂರು ಗ್ರಹಣದ ದಿನ ಸೊಸೆ ಹೊರಗೆ ಬಂದದ್ದರ ಮೇಲೆ, ಆಮೇಲೆ ಸೋದರಿಕೆ ಸಂಬಂಧದ ಮೇಲೆ ತಿರುಗಿತು. ತಂದೆಯ ತಂಗಿಗೆ ನೋಡುತ್ತಿದ್ದ ಗಂಡಿನ ಕಡೆಯವರು 'ನಿಮ್ಮ ಮನೆತನದ ರಕ್ತದಲ್ಲೇ ಇದೆಯಂತೆ' ಎಂದು ಮಾತು ನಿಲ್ಲಿಸಿದ್ದರು.

ಸೋದರಿಕೆ ಮದುವೆಯಿಂದ ಹೆಚ್ಚುವುದು ತಂದೆ ತಾಯಿ ಇಬ್ಬರಿಂದಲೂ ಒಂದು ಜೀನ್‌ನ ಒಂದೊಂದು ಕೆಟ್ಟ ಪ್ರತಿ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳು. ರೆಟಿನೊಬ್ಲಾಸ್ಟೋಮಾ ಆ ಜಾತಿಯದಲ್ಲ. ಇಲ್ಲಿ ಹುಟ್ಟಿನಿಂದ ಒಂದೇ ಕೆಟ್ಟ ಪ್ರತಿ ಸಾಕು. ಎರಡನೆಯದನ್ನು ಕೋಶ ತಾನೇ ಮುಂದೆ ಕಳೆದುಕೊಳ್ಳುತ್ತದೆ. ಈ ವ್ಯತ್ಯಾಸವನ್ನು ಅತ್ತೆಯನ್ನೂ ಕೂರಿಸಿಕೊಂಡು ಹೇಳಬೇಕಾಯಿತು. ಸೊಸೆಗೆ ಮಾತ್ರ ಹೇಳಿ ಕಳಿಸಿದ್ದರೆ ಅದು ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಜೀನ್ ಹೇಳಿದ್ದು

ಅಕ್ಕನ ರಕ್ತದ ವರದಿ ಬಂತು. 13ನೇ ವರ್ಣತಂತುವಿನ ಉದ್ದ ತೋಳಿನಲ್ಲಿರುವ ಆರ್‌ಬಿ1 ಜೀನ್‌ನ 27 ಎಕ್ಸಾನ್‌ಗಳಲ್ಲಿ (ಪ್ರೋಟೀನ್ ತಯಾರಿಗೆ ಓದಲಾಗುವ ತುಣುಕುಗಳು) 14ನೆಯದರಲ್ಲಿ ಬದಲಾವಣೆ. ಪ್ರೋಟೀನಿನ ಸಂಕೇತ ಹೊತ್ತ ಡಿಎನ್‌ಎ ಅಕ್ಷರಗಳ ಸಾಲಿನಲ್ಲಿ (ಕೋಡಿಂಗ್ ಸರಣಿ) 1333ನೇ ಅಕ್ಷರ 'ಸಿ' ಇರಬೇಕಾದಲ್ಲಿ 'ಟಿ'. ಓದಿದ ತುಣುಕುಗಳಲ್ಲಿ 49% 'ಟಿ', ಉಳಿದವು 'ಸಿ'. ಅಂದರೆ ಮೈಯ ಪ್ರತಿ ಕೋಶದಲ್ಲೂ ಒಂದು ಪ್ರತಿ ಕೆಟ್ಟದ್ದು, ಒಂದು ಸರಿಯಾದದ್ದು. ಅದೇ ಜಾಗವನ್ನು ಹೆಪ್ಪುಗಟ್ಟಿಸಿಟ್ಟ ಗಡ್ಡೆಯ ತುಣುಕಿನಲ್ಲಿ ಓದಿದಾಗ 96% 'ಟಿ'. ಸರಿಯಾದ ಪ್ರತಿ ಗಡ್ಡೆಯಲ್ಲಿ ಕಾಣೆಯಾಗಿತ್ತು. ಉಳಿದ 4% ಗಡ್ಡೆಯೊಳಗಿನ ರಕ್ತನಾಳಗಳಂಥ ಸಹಜ ಕೋಶಗಳದು.

ಈ ಎರಡು ಅಂಕಿಗಳ ನಡುವೆಯೇ ಕಾಯಿಲೆಯ ಕಥೆ ಇದೆ.

ಆರ್‌ಬಿ ಪ್ರೋಟೀನನ್ನು ಕೆರೆಯ ತೂಬಿನ ಮೇಲೆ ಕೂತ ನೀರುಗಂಟಿಗೆ ಹೋಲಿಸಬಹುದು. ಕೋಶ ಎರಡಾಗಬೇಕಾದರೆ ಮೊದಲು ತನ್ನ ಡಿಎನ್‌ಎಯನ್ನೆಲ್ಲ ನಕಲು ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ಜೀನ್‌ಗಳನ್ನು ಎಚ್ಚರಿಸುವುದು ಇ2ಎಫ್ ಎಂಬ ಪ್ರೋಟೀನ್. ಆರ್‌ಬಿ ತನ್ನ ಜೇಬಿನಂಥ ಭಾಗದಲ್ಲಿ ಇ2ಎಫ್‌ನ್ನು ಹಿಡಿದಿಟ್ಟುಕೊಂಡಿರುತ್ತದೆ. ಹೊರಗಿನಿಂದ 'ಬೆಳೆಯಬೇಕು' ಎಂಬ ಸೂಚನೆ ಬಂದಾಗ ಸೈಕ್ಲಿನ್-ಡಿ ಮತ್ತು ಸಿಡಿಕೆ4, ಸಿಡಿಕೆ6 ಎಂಬ ಕಿಣ್ವಗಳು ಆರ್‌ಬಿಗೆ ಫಾಸ್ಫೇಟ್ ಗುಂಪುಗಳನ್ನು ಅಂಟಿಸುತ್ತವೆ. ಹಿಡಿತ ಸಡಿಲಾಗಿ ಇ2ಎಫ್ ಹೊರಬರುತ್ತದೆ, ತೂಬು ತೆರೆಯುತ್ತದೆ. ಕೋಶ ವಿಭಜನೆ ಮುಗಿದ ಮೇಲೆ ಫಾಸ್ಫೇಟ್ ಕಳಚಿ ಆರ್‌ಬಿ ಮತ್ತೆ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಬೆಳೆಯುವುದನ್ನು ಶಾಶ್ವತವಾಗಿ ತಡೆಯುವುದು ಅದರ ಕೆಲಸವಲ್ಲ. ಅಪ್ಪಣೆಯಿಲ್ಲದೆ ನೀರು ಬಿಡದಂತೆ ನೋಡಿಕೊಳ್ಳುವುದು ಅದರ ಕೆಲಸ.

ಪ್ರತಿ ಕೋಶದಲ್ಲೂ ಇಂಥ ಇಬ್ಬರು ನೀರುಗಂಟಿಗಳು, ತಂದೆಯಿಂದ ಒಬ್ಬ, ತಾಯಿಯಿಂದ ಒಬ್ಬ. ಒಬ್ಬ ಇಲ್ಲದಿದ್ದರೂ ಇನ್ನೊಬ್ಬ ತೂಬು ಕಾಯುತ್ತಾನೆ. ಅದಕ್ಕೇ ಅಕ್ಕನ ಚರ್ಮ, ಕರುಳು, ರಕ್ತ ಎಲ್ಲವೂ ಸರಿಯಾಗಿವೆ. ಆದರೆ ಬೆಳೆಯುತ್ತಿರುವ ರೆಟಿನಾದಲ್ಲಿ ವಿಭಜನೆಯಾಗುವ ಕೋಶಗಳು ಲಕ್ಷಗಟ್ಟಲೆ. ಉಳಿದ ಆ ಒಬ್ಬನನ್ನು ಕಳೆದುಕೊಳ್ಳುವ ಸಾಧ್ಯತೆ ಒಂದೊಂದು ಕೋಶಕ್ಕೆ ಅತ್ಯಲ್ಪವೇ ಆದರೂ ಅಷ್ಟು ಕೋಶಗಳಲ್ಲಿ ಎಲ್ಲೋ ಒಂದೆರಡರಲ್ಲಿ ಅದು ನಡೆದೇ ತೀರುತ್ತದೆ. ಅಕ್ಕನ ಗಡ್ಡೆಯಲ್ಲಿ ಆದದ್ದು ಅದೇ. ವಿಭಜನೆಯ ವೇಳೆ ವರ್ಣತಂತುಗಳ ಅದಲುಬದಲಿನಲ್ಲಿ ಸರಿಯಾದ ಪ್ರತಿ ಹೋಗಿ ಕೆಟ್ಟದ್ದೇ ಎರಡಾಗಿ ಕೂತಿತ್ತು.

1971ರಲ್ಲಿ ಹ್ಯೂಸ್ಟನ್‌ನ ಆಲ್ಫ್ರೆಡ್ ನಡ್ಸನ್ 48 ಮಕ್ಕಳ ದಾಖಲೆ ಇಟ್ಟುಕೊಂಡು ಈ 'ಎರಡು ಹೊಡೆತ'ದ ಲೆಕ್ಕ ಕಟ್ಟಿದ್ದರು. ಎರಡೂ ಕಣ್ಣಿಗೆ ಬರುವ ಮಕ್ಕಳಲ್ಲಿ ಕಾಯಿಲೆ ಬೇಗ ಬರುತ್ತದೆ, ಒಂದೇ ಕಣ್ಣಿನವರಲ್ಲಿ ತಡವಾಗಿ. ಮೊದಲಿನವರು ಒಂದು ಹೊಡೆತವನ್ನು ಹುಟ್ಟಿನಿಂದಲೇ ತಂದಿದ್ದಾರೆ, ಅವರಿಗೆ ಇನ್ನೊಂದೇ ಸಾಕು ಎಂಬುದು ನಡ್ಸನ್ ವಾದ. ಜೀನ್ ಕೈಗೆ ಸಿಕ್ಕಿದ್ದು 1986ರಲ್ಲಿ. ಗಡ್ಡೆ ತಡೆಯುವ ಜೀನ್‌ಗಳಲ್ಲಿ ಮೊದಲು ಬೇರ್ಪಡಿಸಿದ್ದೇ ಇದು. ತಂದೆಯ ರೆಟಿನೋಮಾ ಈ ಲೆಕ್ಕಕ್ಕೆ ಒಂದು ತಿದ್ದುಪಡಿ ಸೇರಿಸುತ್ತದೆ ಎನ್ನಬೇಕು. ರೆಟಿನೋಮಾದಲ್ಲೂ ಎರಡೂ ಪ್ರತಿಗಳು ಹೋಗಿರುತ್ತವೆ, ಆದರೂ ಕೋಶಗಳು ಮುಪ್ಪಿಗೆ ಜಾರಿ ಬೆಳೆಯುವುದನ್ನು ನಿಲ್ಲಿಸಿರುತ್ತವೆ. ತೂಬು ತೆರೆದರೂ ಕಾಲುವೆಯಲ್ಲಿ ಇನ್ನೊಂದು ಅಡ್ಡಗಟ್ಟೆ ಇದ್ದಂತೆ.

ಬದಲಾವಣೆಯ ಸ್ವರೂಪವೂ ಗಮನಿಸತಕ್ಕದ್ದು. 'ಸಿಜಿಎ' ಎಂಬ ಮೂರಕ್ಷರ ಆರ್ಜಿನೀನ್ ಎಂಬ ಅಮೈನೋ ಆಮ್ಲದ ಸಂಕೇತ, ಅದು 'ಟಿಜಿಎ' ಆದರೆ 'ಇಲ್ಲಿಗೆ ನಿಲ್ಲಿಸು' ಎಂಬ ಸಂಕೇತ. 928 ಅಮೈನೋ ಆಮ್ಲಗಳ ಪ್ರೋಟೀನ್ 444ಕ್ಕೇ ನಿಂತು, ಇ2ಎಫ್ ಹಿಡಿಯುವ ಜೇಬು ಪೂರ್ತಿಯಾಗುವುದೇ ಇಲ್ಲ. 'ಸಿ' ನಂತರ 'ಜಿ' ಬರುವ ಕಡೆ ಆ 'ಸಿ'ಗೆ ಮೀಥೈಲ್ ಗುಂಪು ಅಂಟಿರುವುದು ಸಾಮಾನ್ಯ. ಅಂಥ 'ಸಿ'ಯಿಂದ ಅಮೈನ್ ಗುಂಪು ಕಳಚಿಬಿದ್ದರೆ ಅದು ಸೀದಾ 'ಟಿ' ಆಗುತ್ತದೆ. ಯಾರೂ ಏನೂ ತಪ್ಪು ಮಾಡದೆ, ಯಾವ ಗ್ರಹಣವೂ ಇಲ್ಲದೆ ಸಂಭವಿಸುವ ರಾಸಾಯನಿಕ ಸವೆತ ಇದು. ಈ ಜೀನ್‌ನಲ್ಲಿ ಇಂಥ ಹಲವು ಜಾಗಗಳಿವೆ, ಲೋಕದ ಬೇರೆ ಬೇರೆ ಕಡೆಯ ಸಂಬಂಧವಿಲ್ಲದ ಕುಟುಂಬಗಳಲ್ಲಿ ಅವೇ ಜಾಗಗಳು ಮತ್ತೆ ಮತ್ತೆ ಕೆಡುತ್ತವೆ.

ವರದಿ 'ಇಲ್ಲ' ಎಂದಾಗ

ಮಗುವಿನ ದೋಷ ಯಾವುದೆಂದು ಗೊತ್ತಾದ ಮೇಲೆ ತಂದೆ ತಾಯಿಗೆ 27 ಎಕ್ಸಾನ್‌ಗಳನ್ನೂ ಓದುವ ಅಗತ್ಯವಿಲ್ಲ, ಆ ಒಂದು ಜಾಗ ನೋಡಿದರೆ ಸಾಕು. ಡಿಎನ್‌ಎ ಅಕ್ಷರ ಓದುವ ಅಗ್ಗದ ಸ್ಯಾಂಗರ್ ವಿಧಾನದಲ್ಲಿ ಇಬ್ಬರ ರಕ್ತವನ್ನೂ ನೋಡಿದರು. ಎರಡರಲ್ಲೂ 'ಬದಲಾವಣೆ ಕಂಡುಬಂದಿಲ್ಲ'.

ಈ ಪ್ರಕರಣ ಹಳ್ಳ ಹಿಡಿಯಬಹುದಾಗಿದ್ದು ಇಲ್ಲೇ. ಹೆರಿಗೆ ನೋಡಿಕೊಳ್ಳುತ್ತಿದ್ದ ಕಡೆ ಇದನ್ನು 'ಮಗುವಿನಲ್ಲಿ ಹೊಸದಾಗಿ ಹುಟ್ಟಿದ ಬದಲಾವಣೆ, ಮುಂದಿನ ಮಗುವಿಗೆ ವಿಶೇಷ ಅಪಾಯವಿಲ್ಲ' ಎಂದು ಓದಿಕೊಂಡರು. ಪತ್ರದ ಕರಡು ಕೂಡ ಸಿದ್ಧವಾಗಿತ್ತು. ತಡೆದದ್ದು ಕಣ್ಣಿನ ವೈದ್ಯರು. ತಂದೆಯ ರೆಟಿನಾದಲ್ಲಿ ರೆಟಿನೋಮಾ ಕಣ್ಣಾರೆ ಕಂಡಿರುವಾಗ ರಕ್ತದ ವರದಿಯನ್ನು ಹೇಗೆ ಒಪ್ಪುವುದು?

ಎರಡನ್ನೂ ಕೂಡಿಸುವ ಉತ್ತರ ಒಂದೇ ಇತ್ತು: ತಂದೆ ಮೊಸಾಯಿಕ್ ಇರಬಹುದು. ಅಂದರೆ ಬದಲಾವಣೆ ಅವರಿಗೆ ಅವರ ಅಪ್ಪ-ಅಮ್ಮನಿಂದ ಬಂದಿಲ್ಲ. ಅವರೇ ಭ್ರೂಣವಾಗಿದ್ದಾಗ ಯಾವುದೋ ಒಂದು ಕೋಶದಲ್ಲಿ ಹುಟ್ಟಿ, ಆ ಕೋಶದ ಸಂತತಿಗಷ್ಟೇ ಹರಡಿದೆ. ಮೈಯ ಕೆಲವು ಕೋಶಗಳಲ್ಲಿ ಇದೆ, ಕೆಲವುದರಲ್ಲಿ ಇಲ್ಲ. ಸ್ಯಾಂಗರ್ ವಿಧಾನ ಸುಮಾರು 15ರಿಂದ 20%ಗಿಂತ ಕಡಿಮೆ ಇರುವ ಅಕ್ಷರವನ್ನು ಹಿನ್ನೆಲೆಯ ಗದ್ದಲವೆಂದು ಬಿಟ್ಟುಬಿಡುತ್ತದೆ. ಹೊಸ ತಲೆಮಾರಿನ ಯಂತ್ರಗಳೂ ಮಾಮೂಲಿ ವರದಿಯಲ್ಲಿ ತಂತ್ರಾಂಶದ ಜರಡಿಯಿಂದ ಇಂಥವನ್ನು ಸೋಸಿಬಿಡುವುದುಂಟು. ಹಾಗಾಗಿ 'ಮೊಸಾಯಿಕ್ ಶಂಕೆ' ಎಂದು ಬರೆದು, ಆ ಒಂದೇ ಜಾಗವನ್ನು ಸಾವಿರಕ್ಕೂ ಹೆಚ್ಚು ಸಲ ಓದುವಂತೆ ಕೇಳಬೇಕು. ಬರೀ 'ಮತ್ತೊಮ್ಮೆ ಪರೀಕ್ಷಿಸಿ' ಎಂದರೆ ಅದೇ ಉತ್ತರ ಮತ್ತೆ ಬರುತ್ತದೆ.

ಫಲಿತಾಂಶ: ತಂದೆಯ ರಕ್ತದಲ್ಲಿ 14% 'ಟಿ'. ಪ್ರತಿ ಕೋಶದಲ್ಲಿ ಎರಡು ಪ್ರತಿ ಇರುವುದರಿಂದ, ಹೆಚ್ಚುಕಡಿಮೆ 28% ರಕ್ತಕೋಶಗಳಲ್ಲಿ ದೋಷವಿದೆ ಎಂದು ಅರ್ಥ.

ಈ ಒಂದು ಅಂಕಿ ಮೂರು ವಿಷಯಗಳನ್ನು ಇತ್ಯರ್ಥ ಮಾಡಿತು. ದೋಷ ತಂದೆಯ ದೇಹದಲ್ಲೇ ಶುರುವಾದದ್ದು, ಆದ್ದರಿಂದ ಅಜ್ಜ-ಅಜ್ಜಿಯರಲ್ಲಾಗಲಿ ತಂದೆಯ ತಂಗಿಯರಲ್ಲಾಗಲಿ ಇದನ್ನು ಹುಡುಕಬೇಕಿಲ್ಲ. ಸೋದರಿಕೆ ಸಂಬಂಧಕ್ಕೂ ಇದಕ್ಕೂ ಗಂಟಿಲ್ಲ. ತಂಗಿಯ ಮದುವೆ ಮಾತುಕತೆಗೆಂದೇ ಕನ್ನಡದಲ್ಲಿ ಅರ್ಧ ಪುಟದ ಪತ್ರ ಬರೆದುಕೊಡಲಾಯಿತು, ಅದು ಕೆಲಸಕ್ಕೂ ಬಂತು. ಮೂರನೆಯದು ಹೊಟ್ಟೆಯಲ್ಲಿರುವ ಮಗು: ಅಪಾಯ 50%ವರೆಗೂ ಇರಬಹುದು. ರಕ್ತದ 14% ನೋಡಿ ಮಗುವಿನ ಅಪಾಯವೂ 14% ಎಂದು ಹೇಳಲಾಗದು. ವೀರ್ಯಾಣುಗಳಲ್ಲಿ ಪಾಲು ಎಷ್ಟಿದೆಯೆಂದು ರಕ್ತ ಹೇಳುವುದಿಲ್ಲ.

ತಾಯಿಯ ಮೇಲಿದ್ದ ದೂರು ತಂದೆಯ ಮೇಲೆ ತಿರುಗುವ ಅಪಾಯವೂ ಇತ್ತು. ಅದಕ್ಕೇ ಮೀಥೈಲ್-ಅಮೈನ್ ವಿವರಣೆಯನ್ನು ತೊಗರಿ ಬೀಜದ ಉದಾಹರಣೆ ಕೊಟ್ಟು ಮತ್ತೆ ಹೇಳಲಾಯಿತು. ಒಂದೇ ಚೀಲದ ಬೀಜ, ಒಂದೇ ಹೊಲ, ಆದರೂ ಒಂದು ಗಿಡದ ಒಂದೇ ಕೊಂಬೆ ಬೇರೆ ಬಣ್ಣದ ಎಲೆ ಬಿಡುವುದುಂಟು.

ಇಲ್ಲಿ ಒಂದು ಮಾತು ಸೇರಿಸಬೇಕು. ಆಳದ ಓದಿನಲ್ಲೂ ತಂದೆಯ ರಕ್ತ ಶುದ್ಧವೆಂದು ಬಂದಿದ್ದರೂ ಎರಡನೇ ಮಗುವನ್ನು ಪರೀಕ್ಷಿಸಲೇಬೇಕಿತ್ತು. ದೋಷ ವೃಷಣದ ಕೋಶಗಳಲ್ಲಿ ಮಾತ್ರ ಅಡಗಿರುವುದೂ ಸಾಧ್ಯ. ಒಡಹುಟ್ಟಿದವರ ಪರೀಕ್ಷೆ ನಿಲ್ಲುವುದು ಮಗುವಿನ ಸ್ವಂತ ರಕ್ತ 'ಇಲ್ಲ' ಎಂದಾಗ ಮಾತ್ರ.

ಹೆರಿಗೆಗೆ ಮುನ್ನ, ಹೆರಿಗೆಯ ದಿನ

ಆಳದ ವರದಿ ಬಂದಾಗ 31 ವಾರ. ಗರ್ಭಜಲ ತೆಗೆದು ಪರೀಕ್ಷಿಸುವ ದಾರಿ ಇತ್ತು. ಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆಯೇ ನೋಂದಾಯಿತ ಕೇಂದ್ರಗಳಲ್ಲಿ ವಂಶವಾಹಿ ಕಾಯಿಲೆಗಳ ಪತ್ತೆಗೆ ಅವಕಾಶ ಕೊಡುತ್ತದೆ. ದೋಷ ಖಚಿತವಾದರೆ 36-37 ವಾರಕ್ಕೇ ಹೆರಿಗೆ ಮಾಡಿಸಿ ಗಡ್ಡೆ ಸಣ್ಣದಿರುವಾಗಲೇ ಹಿಡಿಯುವ ಪದ್ಧತಿ ಕೆಲವು ದೇಶಗಳ ಕೇಂದ್ರಗಳಲ್ಲಿದೆ. ಇಲ್ಲಿ ಅದನ್ನು ಕೈಬಿಟ್ಟರು. ಗರ್ಭವನ್ನು ಉಳಿಸಿಕೊಳ್ಳುವುದು ಎಂದು ಕುಟುಂಬ ಮೊದಲೇ ಹೇಳಿತ್ತು. ದಿನ ತುಂಬದ ಕೂಸನ್ನು ಸಾಕುವ ಸೌಲಭ್ಯ ಅವರ ಊರಿನ ಹತ್ತಿರ ಇರಲಿಲ್ಲ. ಸೂಜಿಯಿಂದ ಹೆರಿಗೆ ನೋವು ಶುರುವಾಗುವ ಸಣ್ಣ ಸಾಧ್ಯತೆಯೂ ಇತ್ತು. ಈ ತೀರ್ಮಾನವನ್ನು ಪ್ರಶ್ನಿಸುವವರು ಇರಬಹುದು. ಆ ಮನೆಯ ಸ್ಥಿತಿಯಲ್ಲಿ ಅದು ಸರಿಯಾಗಿತ್ತು ಎಂಬುದು ನಮ್ಮ ಅಭಿಪ್ರಾಯ.

38ನೇ ವಾರ ಸಹಜ ಹೆರಿಗೆ, ಗಂಡುಮಗು. ಹೊಕ್ಕುಳಬಳ್ಳಿಯನ್ನು ಕ್ಲ್ಯಾಂಪ್ ಹಾಕಿ ಕತ್ತರಿಸಿದ ಮೇಲೆ ಮೇಲ್ಮೈಯ ರಕ್ತ ಒರೆಸಿ, ಬಳ್ಳಿಯ ಅಭಿಧಮನಿಯಿಂದ ಸೂಜಿಯಲ್ಲಿ 3 ಮಿ.ಲೀ. ರಕ್ತ ಎಳೆದರು. ಕತ್ತರಿಸಿದ ತುದಿಯಿಂದ ತೊಟ್ಟಿಕ್ಕುವ ರಕ್ತ ಹಿಡಿದರೆ ತಾಯಿಯ ರಕ್ತ ಬೆರೆಯುತ್ತದೆ. ತಾಯಿಯಲ್ಲಿ ದೋಷವಿಲ್ಲದ ಕಾರಣ ಆ ಬೆರಕೆ ಮಗುವಿನ ದೋಷದ ಪಾಲನ್ನು ತೆಳುವಾಗಿಸಿ, ಇರುವುದನ್ನು ಇಲ್ಲವೆಂದು ತೋರಿಸಬಹುದು. ತಾಯಿಯ ರಕ್ತವನ್ನೂ ಜೊತೆಗೆ ಕಳಿಸಿ ಬೆರಕೆ ಇಲ್ಲವೆಂದು ಗುರುತು ಪರೀಕ್ಷೆಯಿಂದ ಖಾತ್ರಿ ಮಾಡಿಕೊಂಡರು. ಒಂಬತ್ತನೇ ದಿನ ವರದಿ ಬಂತು: ದೋಷ ಇದೆ, 50%.

ವರದಿಗೆ ಕಾಯದೆ ನಾಲ್ಕನೇ ದಿನವೇ ಕಣ್ಣು ನೋಡಿಯಾಗಿತ್ತು. ಅಂದು ಏನೂ ಇರಲಿಲ್ಲ.

ತಪಾಸಣೆಯ ದಿನಚರಿ, ಅದು ತಪ್ಪಿದ ಎರಡು ತಿಂಗಳು

ದೋಷವಿರುವ ಕೂಸಿಗೆ ಮೊದಲ ಎಂಟು ವಾರ 2ರಿಂದ 4 ವಾರಕ್ಕೊಮ್ಮೆ, ಅರಿವಳಿಕೆಯಿಲ್ಲದೆ. ಆಮೇಲೆ ಒಂದು ವರ್ಷದವರೆಗೆ ತಿಂಗಳಿಗೊಮ್ಮೆ, ಅರಿವಳಿಕೆ ಕೊಟ್ಟು. ಎರಡನೇ ವರ್ಷ ಎರಡು ತಿಂಗಳಿಗೊಮ್ಮೆ, ಮೂರನೇ ವರ್ಷ ಮೂರು ತಿಂಗಳಿಗೊಮ್ಮೆ, ನಾಲ್ಕನೇ ವರ್ಷ ನಾಲ್ಕು ತಿಂಗಳಿಗೊಮ್ಮೆ, ಅಲ್ಲಿಂದ ಏಳು ವರ್ಷದವರೆಗೆ ಆರು ತಿಂಗಳಿಗೊಮ್ಮೆ. ಪ್ರತಿ ಸಲವೂ ಪಾಪೆ ಪೂರ್ತಿ ಹಿಗ್ಗಿರಬೇಕು, ಹೊರಗಿನಿಂದ ಒತ್ತಿ ರೆಟಿನಾದ ಕೊನೆಯಂಚನ್ನೂ ನೋಡಬೇಕು. ನಡುಭಾಗ ಮಾತ್ರ ನೋಡಿ 'ಸರಿಯಿದೆ' ಎಂದು ಬರೆಯುವುದು ಈ ಮಕ್ಕಳಿಗೆ ಪರೀಕ್ಷೆಯೇ ಅಲ್ಲ.

ತಮ್ಮನಿಗೆ ಎರಡು ತಿಂಗಳಾಗುತ್ತಿದ್ದಂತೆ ಅಕ್ಕ-ತಮ್ಮ ಇಬ್ಬರಿಗೂ ಒಂದೇ ದಿನ ಅರಿವಳಿಕೆ ಪರೀಕ್ಷೆ. ತಮ್ಮನ ಕಣ್ಣುಗಳು ಸ್ವಚ್ಛ. ಅಕ್ಕನ ಉಳಿದಿದ್ದ ಎಡಗಣ್ಣಿನ ಅಂಚಿನಲ್ಲಿ 1.5 ಮಿ.ಮೀ. ಗಡ್ಡೆ. 'ಒಂದೇ ಕಣ್ಣಿನ ಕಾಯಿಲೆ' ಎಂದು ಬಿಟ್ಟಿದ್ದರೆ ಇದು ಮತ್ತೆ ಫೋಟೋದಲ್ಲಿ ಬೆಳ್ಳಗೆ ಹೊಳೆಯುವವರೆಗೂ ಕಾಣುತ್ತಿರಲಿಲ್ಲ. ಅಲ್ಲೇ ಕ್ರಯೋ ಚಿಕಿತ್ಸೆ ಕೊಟ್ಟರು: ಗಡ್ಡೆಯನ್ನು ಹೊರಗಿನಿಂದ ಮಂಜುಗಟ್ಟಿಸಿ ಕರಗಲು ಬಿಡುವುದು, ಹೀಗೆ ಮೂರು ಸಲ. ಮುಂದಿನ ತಿಂಗಳಿಗೆ ಚಪ್ಪಟೆ ಕಲೆ ಮಾತ್ರ ಉಳಿದಿತ್ತು.

ತಮ್ಮನಿಗೆ ನಾಲ್ಕನೇ ತಿಂಗಳಲ್ಲಿ ಬಲಗಣ್ಣಿನಲ್ಲಿ 1 ಮಿ.ಮೀ. ಗಡ್ಡೆ. 810 ನ್ಯಾನೋಮೀಟರ್ ಡಯೋಡ್ ಲೇಸರ್‌ನಿಂದ ಎರಡು ಸಲ ಸುಟ್ಟರು, ಸುಮ್ಮನಾಯಿತು. ಐದನೇ ತಿಂಗಳು ಸರಿ. ಆರನೇ ತಿಂಗಳು ನೆಗಡಿ-ಕೆಮ್ಮು, ಅರಿವಳಿಕೆ ತಜ್ಞರು ಮುಂದಕ್ಕೆ ಹಾಕಿದರು. ಹೊಸ ದಿನಾಂಕವನ್ನು ಬಾಯಿಮಾತಿನಲ್ಲಿ ಹೇಳಿ ಕಳಿಸಿದರು. ಅದು ಹತ್ತಿ ಬಿಡಿಸುವ ಕಾಲ. ಕೂಲಿ ಬಿಟ್ಟು ಬರಲು ಆಗಲಿಲ್ಲ, ಏಳನೇ ತಿಂಗಳೂ ತಪ್ಪಿತು. ಎಂಟನೇ ತಿಂಗಳಿಗೆ ಬಂದಾಗ ಎಡಗಣ್ಣಿನಲ್ಲಿ ದೃಷ್ಟಿನರದ ಹತ್ತಿರ 4.5 ಮಿ.ಮೀ. ಗಡ್ಡೆ. 'ಬಿ' ಗುಂಪು. ನರದ ಪಕ್ಕದಲ್ಲಿ ಆ ಗಾತ್ರದ್ದನ್ನು ಲೇಸರ್ ಒಂದರಿಂದಲೇ ಸುಡುವುದು ಸರಿಯಲ್ಲ, ಮೊದಲು ಕಿಮೊಥೆರಪಿಯಿಂದ ಕುಗ್ಗಿಸಬೇಕು.

ಮಗುವಿನ ತೂಕ 7.6 ಕಿಲೋ. ಈ ವಯಸ್ಸಿನಲ್ಲಿ ಕಿಮೊಥೆರಪಿ ಮದ್ದಿನ ಪ್ರಮಾಣಕ್ಕೆ ಮೈಯ ವಿಸ್ತೀರ್ಣದ ಬದಲು ತೂಕದ ಲೆಕ್ಕ. ವಿನ್‌ಕ್ರಿಸ್ಟಿನ್ ಕಿಲೋಗೆ 0.05 ಮಿ.ಗ್ರಾಂ, ಅಂದರೆ 0.38 ಮಿ.ಗ್ರಾಂ. ಕಾರ್ಬೊಪ್ಲಾಟಿನ್ ಕಿಲೋಗೆ 18.6, ಅಂದರೆ 141 ಮಿ.ಗ್ರಾಂ. ಎಟೊಪೊಸೈಡ್ ಕಿಲೋಗೆ 5, ಅಂದರೆ 38 ಮಿ.ಗ್ರಾಂ, ಎರಡು ದಿನ. ನಾಲ್ಕು ವಾರಕ್ಕೊಮ್ಮೆ, ಒಟ್ಟು ಆರು ಸುತ್ತು. ಕಾರ್ಬೊಪ್ಲಾಟಿನ್ ಕಿವಿಗೆ ಪೆಟ್ಟು ಕೊಡಬಹುದಾದ್ದರಿಂದ ಮೊದಲೇ ಶ್ರವಣ ಪರೀಕ್ಷೆ. ಎರಡು ಸಲ ಬಿಳಿರಕ್ತಕಣ ಇಳಿದು ಜ್ವರ ಬಂದು ಮಗು ಆಸ್ಪತ್ರೆ ಸೇರಿತು. ಎರಡನೇ ಸುತ್ತಿನ ನಂತರ ಗಡ್ಡೆ ಅರ್ಧಕ್ಕಿಂತ ಚಿಕ್ಕದಾಯಿತು, ಅಲ್ಲಿಂದ ಪ್ರತಿ ಸುತ್ತಿನ ಜೊತೆ ಲೇಸರ್. ಎರಡು ಭೇಟಿ ತಪ್ಪಿದ್ದಕ್ಕೆ ತೆತ್ತ ಬೆಲೆ ಇಷ್ಟು.

ತಪ್ಪನ್ನು ಕುಟುಂಬದ ಮೇಲೆ ಹಾಕಿದರೆ ಏನೂ ತಿದ್ದಿದಂತಾಗದು. ಆಮೇಲೆ ಮಾಡಿದ್ದು ಇಷ್ಟು: ಅರಿವಳಿಕೆ ಮುಂದಕ್ಕೆ ಹೋದರೆ ಹತ್ತು ದಿನದೊಳಗಿನ ದಿನಾಂಕವನ್ನು ಚೀಟಿಯಲ್ಲಿ ಬರೆದು ಕೊಡುವುದು, ಹಿಂದಿನ ದಿನ ಆಶಾ ಕಾರ್ಯಕರ್ತೆಗೆ ಫೋನ್, ಬಸ್ ಖರ್ಚು, ಅಕ್ಕ-ತಮ್ಮ ಇಬ್ಬರ ದಿನಾಂಕ ಒಂದೇ ದಿನ. ನೆಗಡಿಯಿದ್ದರೂ ಎಚ್ಚರವಿರುವ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು ಆ ದಿನವೇ ಆದಷ್ಟು ನೋಡಿ ಕಳಿಸುವುದು. ಆನಂತರ ಭೇಟಿ ತಪ್ಪಿಲ್ಲ.

ಈಗಿನ ಸ್ಥಿತಿ ಮತ್ತು ಮುಂದಿನ ವರ್ಷಗಳು

ತಮ್ಮನಿಗೆ ಮೂರು ವರ್ಷ ಕಳೆದಿದೆ. 16ನೇ ತಿಂಗಳ ನಂತರ ಹೊಸ ಗಡ್ಡೆ ಬಂದಿಲ್ಲ. ಚಿತ್ರಗಳ ಪಟದಲ್ಲಿ ಬಲಗಣ್ಣು 6/9, ಎಡಗಣ್ಣು 6/12. ಕಿವಿ ಸರಿಯಿದೆ. ಅಕ್ಕನ ಎಡಗಣ್ಣು 6/6. ಒಂದೇ ಕಣ್ಣಿನ ಮಗುವಾದ್ದರಿಂದ ಆ ಕಣ್ಣಿಗೆ ಪೆಟ್ಟಾಗದಂತೆ ಪಾಲಿಕಾರ್ಬೊನೇಟ್ ಮಸೂರದ ಕನ್ನಡಕ ಸದಾ ಇರಬೇಕು. ಮುಖ ಬೆಳೆದಂತೆ ಕೃತಕ ಕಣ್ಣನ್ನೂ ಬದಲಿಸಬೇಕು.

ಏಳು ವರ್ಷದ ಹೊತ್ತಿಗೆ ಕಣ್ಣಿನ ಅಪಾಯ ಬಹುಮಟ್ಟಿಗೆ ಮುಗಿಯುತ್ತದೆ. ರೆಟಿನಾದ ಕೋಶಗಳು ಅಷ್ಟರಲ್ಲಿ ವಿಭಜನೆ ನಿಲ್ಲಿಸಿರುತ್ತವೆ. ಆದರೆ ಇಬ್ಬರ ಮೈಯ ಉಳಿದೆಲ್ಲ ಕೋಶಗಳಲ್ಲಿ ತೂಬು ಕಾಯುವವನು ಇನ್ನೂ ಒಬ್ಬನೇ. ಹದಿಹರೆಯದಲ್ಲಿ ಮೂಳೆ ಭರದಿಂದ ಬೆಳೆಯುವಾಗ ಸಾರ್ಕೋಮಾ ಎಂಬ ಮೂಳೆಯ ಕ್ಯಾನ್ಸರ್, ಮುಂದೆ ಮೃದು ಅಂಗಾಂಶದ ಸಾರ್ಕೋಮಾ, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಇವರಲ್ಲಿ ಬೇರೆಯವರಿಗಿಂತ ಹೆಚ್ಚು. ವಿಕಿರಣ ಈ ಅಪಾಯವನ್ನು ಇನ್ನೂ ಏರಿಸುತ್ತದೆ. ಅದಕ್ಕೇ ಇಬ್ಬರಿಗೂ ಹೊರಗಿನ ವಿಕಿರಣ ಚಿಕಿತ್ಸೆಯನ್ನು ಮೊದಲಿನಿಂದ ದೂರವಿಟ್ಟಿದ್ದು. ಅಕ್ಕನಿಗೆ ಜಿಲ್ಲಾ ಕೇಂದ್ರದಲ್ಲಿ ಮಾಡಿದ ಸಿ.ಟಿ. ಸ್ಕ್ಯಾನ್ ತಪ್ಪಿಸಬಹುದಾಗಿತ್ತು, ಬಿಳಿ ಪಾಪೆಯ ಮಗುವಿಗೆ ಅಲ್ಟ್ರಾಸೌಂಡ್ ಮತ್ತು ಎಂ.ಆರ್.ಐ. ಸಾಕು.

ತಂದೆಗೆ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ. ರೆಟಿನೋಮಾ ಅಪರೂಪಕ್ಕೆ ಮತ್ತೆ ಬೆಳೆಯುವುದುಂಟು. ಬೀಡಿ ಬಿಡಿಸಲು ಮೂರು ಭೇಟಿ ಬೇಕಾಯಿತು. ಈ ದೋಷವಿರುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೆಂದು ದಾಖಲಾಗಿದೆ, ಹೊಗೆ ಅದಕ್ಕೆ ತುಪ್ಪ ಸುರಿಯುತ್ತದೆ.

ಮಕ್ಕಳ ಶಾಲೆಯ ಫೈಲಿನಲ್ಲಿ, ತಾಯಿ ಕಾರ್ಡಿನ ಜೊತೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದೊಂದು ಪ್ರತಿಯಂತೆ ಒಂದು ಹಾಳೆ ಇದೆ. ಅದರಲ್ಲಿ ಬರೆದಿರುವುದು: ಜೀನ್‌ನ ಹೆಸರು, ಎಕ್ಸಾನ್ 14, ಅಕ್ಷರ 1333, 'ಸಿ' ಬದಲು 'ಟಿ'. ಮೊಣಕಾಲು ಅಥವಾ ಯಾವುದೇ ಮೂಳೆಯ ನೋವು ಎರಡು ವಾರ ದಾಟಿದರೆ, ರಾತ್ರಿ ಎಬ್ಬಿಸಿದರೆ, ಬಾವು ಕಂಡರೆ ಬೆಳವಣಿಗೆಯ ನೋವೆಂದು ಬಿಡದೆ ಕಳಿಸಿಕೊಡಿ. ಕಾರಣವಿಲ್ಲದೆ ಸಿ.ಟಿ. ಮಾಡಬೇಡಿ. ಕೊನೆಯ ಸಾಲು ಮಕ್ಕಳಿಗೇ ಬರೆದದ್ದು, ಅವರು ದೊಡ್ಡವರಾದಾಗ ಓದಿಕೊಳ್ಳಲೆಂದು: ನಿಮಗೆ ಮಕ್ಕಳಾಗುವಾಗ ಈ ಒಂದು ಅಕ್ಷರವನ್ನು ನೋಡಿದರೆ ಸಾಕು, ಹಾಳೆಯನ್ನು ಜೋಪಾನವಾಗಿಡಿ.